ಪಾಠಾಂತರದ ಮಳೆಗಾಲ

ಈಗ ನಾನು ಮುಂಬಯಿಯ ಹಾರ್ಬರ್ ಲೈನಿನ ಲೋಕಲ್ ಗಾಡಿ ಹತ್ತುವುದೇ ಅಪರೂಪ. ದಹಿಸರ್‌ನಲ್ಲಿ ಮಗಳ ಮನೆಯಲ್ಲಿರುವ ಮುದುಕನಿಗೆ ಆ ದಿಕ್ಕಿನಲ್ಲಿ ಏನು ಕೆಲಸ? ಹೋದ ಮಳೆಗಾಲದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಿ ಬರಲೆಂದು ಹೊರಟೆ. ವಡಾಲ ಹತ್ತಿರವಾಗುತ್ತಿದ್ದಂತೆ ಮಳೆ ನಿಂತು ಗಾಳಿ ತಿರುಗಿತು. ಬಾಗಿಲ ಬಳಿ ನಿಂತಿದ್ದ ನನ್ನ ಮೂಗಿಗೆ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕೆಸರಿನ ವಾಸನೆ ಬಡಿಯಿತು. ಉಪ್ಪು, ಕೊಳೆತ ಎಲೆ, ಸತ್ತ ಚಿಪ್ಪು ಎಲ್ಲ ಸೇರಿದ ವಾಸನೆ ಅದು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಮೂಗಿಗೆ ಕರವಸ್ತ್ರ ಒತ್ತಿಕೊಂಡಳು. ನಾನು ಕತ್ತು ಹೊರಗೆ ಹಾಕಿ ಎದೆತುಂಬ ಎಳೆದುಕೊಂಡೆ. “ಅಂಕಲ್, ಅಂದರ್ ಆಯಿಯೇ” ಎಂದು ಅವಳೇ ಒಳಗೆ ಕರೆದು ಗದರಿಸಿದಳು.

ನಾನು ಹೇಳಹೊರಟಿದ್ದು ಐವತ್ತರ ದಶಕದ ನಡುವಿನ ಒಂದು ಮಳೆಗಾಲದ ಮಾತು. ಆಗ ಬಿಜಾಪುರ, ಧಾರವಾಡ ಇನ್ನೂ ಮುಂಬಯಿ ರಾಜ್ಯದಲ್ಲಿದ್ದವು. ನಮ್ಮ ಕುಂದಾಪುರ ಮದ್ರಾಸಿನಲ್ಲಿತ್ತು. ವಡಾಲದ ಒಂದು ಬಿಲ್ಡಿಂಗಿನ ಮೂರನೇ ಮಾಳಿಗೆಯ ಖೋಲಿಯಲ್ಲಿ ಮೂವರು ಕನ್ನಡದವರಿದ್ದೆವು. ಮೂವರೂ ಸಂಶೋಧನೆ ಮಾಡುತ್ತೇವೆಂದು ಬಂದವರು. ಒಬ್ಬನ ಸಂಶೋಧನೆ ಇನ್ನಿಬ್ಬರಿಗೆ ತಮಾಷೆಯ ವಸ್ತು.

ಬಿಜಾಪುರದ ವೆಂಕಣ್ಣ ಹಳೆಗನ್ನಡದವನು. ಕುದುರೆಗಳ ರೋಗ ಮತ್ತು ಮದ್ದಿನ ಬಗ್ಗೆ ಯಾವ ಕಾಲದಲ್ಲೋ ಯಾರೋ ಬರೆದ ಒಂದು ಗ್ರಂಥ. ಅದರ ಐದು ಹಸ್ತಪ್ರತಿಗಳನ್ನು ಪತ್ತೆಹಚ್ಚಿ, ಒಂದಕ್ಕೊಂದು ಹೋಲಿಸಿ, ನಕಲು ಮಾಡಿದವರ ತಪ್ಪುಗಳನ್ನೆಲ್ಲ ತೆಗೆದು, ಬರೆದವನು ಮೊದಲು ಬರೆದದ್ದು ಹೀಗೇ ಇದ್ದಿರಬೇಕು ಎಂಬ ಶುದ್ಧ ಪಾಠ ಕಟ್ಟುವುದು ಅವನ ಕೆಲಸ. ಜೀವಂತ ಕುದುರೆಯನ್ನು ಅವನು ಕಂಡಿದ್ದು ಬೋರಿಬಂದರಿನ ಘೋಡಾಗಾಡಿಗೆ ಕಟ್ಟಿದ್ದನ್ನು ಮಾತ್ರ, ಅದೂ ರಸ್ತೆಯ ಈಚೆ ಬದಿಯಿಂದ. ಕೆಲಸ ಮುಗಿಯುತ್ತಾ ಬಂದಿತ್ತು. ದೀಪಾವಳಿಯೊಳಗೆ ಪ್ರಬಂಧ ಒಪ್ಪಿಸಿದರೆ ಊರಿನ ಕಾಲೇಜಿನಲ್ಲಿ ಅವನಿಗೆ ಅಧ್ಯಾಪಕನ ಜಾಗ ಕಾದಿತ್ತು. ಹಾಗಾಗಿ ಅವನು ಸಂಧ್ಯಾವಂದನೆ ಮಾಡಿ, ಉಂಡು, ಹೊತ್ತಿಗೆ ಸರಿಯಾಗಿ ನಿದ್ದೆಹೋಗುವ ಮನುಷ್ಯ. ಅವನ ಆ ನಿದ್ದೆಯನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಇನ್ನೊಬ್ಬ ಉಡುಪಿಯ ಸಂಜೀವ ಶೆಟ್ಟಿ, ಅರ್ಥಶಾಸ್ತ್ರದವನು. ನಮ್ಮ ಕರಾವಳಿಯವರ ಹೋಟೆಲುಗಳಲ್ಲಿ ದುಡಿಯುವವರು ಯಾವ ಹಳ್ಳಿಯಿಂದ, ಯಾರ ಬೆನ್ನು ಹಿಡಿದು ಈ ಶಹರಕ್ಕೆ ಬಂದರು, ವಾಪಸು ಹೋಗುತ್ತಾರೋ ಇಲ್ಲವೋ ಎಂಬುದು ಅವನ ವಿಷಯ. ಹೋಟೆಲಿನ ಹಿಂಬಾಗಿಲಲ್ಲಿ ನಿಂತು ದೋಸೆ ಹೊಯ್ಯುವವನನ್ನು ಮಾತಿಗೆಳೆಯುತ್ತಿದ್ದ. ನಮಗೆ ಕಾಫಿ ತಂದವನನ್ನೂ ಬಿಡುತ್ತಿರಲಿಲ್ಲ. ಅವನು ನಿನ್ನ ಅಜ್ಜಿಯ ಮನೆ ಎಲ್ಲಿ, ಗೇಣಿ ಎಷ್ಟು ಎಂದು ವಿಚಾರಿಸುತ್ತಿದ್ದರೆ ನಮ್ಮ ಕಾಫಿ ಆ ಮಾಣಿಯ ಕೈಯಲ್ಲೇ ಆರುತ್ತಿತ್ತು.

ಮೂರನೆಯವನು ನಾನು, ಶ್ರೀನಿವಾಸ, ಕರೆಯುವುದು ಸೀನ ಎಂದು. ಪ್ರಾಣಿಶಾಸ್ತ್ರ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಅಮ್ಮ ಬೈಯುತ್ತಿದ್ದರು. ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವುದು ನನ್ನಿಂದ ಆಗದು ಎಂದೇ ಹೊರಗೆ ಓಡಾಡುವ ವಿಷಯ ಹಿಡಿದಿದ್ದೆ. ವಡಾಲದಾಚೆ ಉಪ್ಪಿನಾಗರಗಳ ಅಂಚಿನಲ್ಲಿ ಖಾಡಿ. ಅಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಗಿಡಮರಗಳಿಗೆ ನಮ್ಮಲ್ಲಿ ಕಾಂಡ್ಲ ಅನ್ನುತ್ತಾರೆ. ಆ ಕಾಂಡ್ಲದ ಬುಡದಲ್ಲಿ ಕಡಲೆಕಾಯಿ ಗಾತ್ರದ ಒಂದು ಬಸವನಹುಳು ಇರುತ್ತದೆ. ಭರತದ, ಅಂದರೆ ಕಡಲ ಉಬ್ಬರದ, ನೀರು ಏರಿದಾಗ ಅದು ಮರ ಹತ್ತುತ್ತದೆ, ಇಳಿದಾಗ ಇಳಿಯುತ್ತದೆ. ಎಷ್ಟು ಹತ್ತುತ್ತದೆ, ಯಾವ ದಿನ ಎಷ್ಟು? ಇಷ್ಟೇ ನನ್ನ ಪ್ರಶ್ನೆ. ಹತ್ತು ಮರಗಳ ಕಾಂಡಕ್ಕೆ ಬುಡದಿಂದ ಮೇಲಕ್ಕೆ ಬಿಳಿ ಪೇಂಟಿನಲ್ಲಿ ಹತ್ತು ಹತ್ತು ಗೀರು ಎಳೆದಿದ್ದೆ. ದಿನಾ ಹಗಲಿನ ಭರತ ತಿರುಗುವ ಹೊತ್ತಿಗೆ ಹೋಗಿ, ಹುಳುಗಳು ಎಷ್ಟನೇ ಗೀರಿನಲ್ಲಿ ಕೂತಿವೆ ನೋಡಿ ಬರೆದುಕೊಳ್ಳಬೇಕು. ಮಳೆಗಾಲ ಶುರುವಾಗಿ ಮುಗಿಯುವತನಕ ಒಂದು ದಿನವೂ ತಪ್ಪಕೂಡದು. ಸರಣಿ ಕಡಿದರೆ ಇನ್ನೊಂದು ಮಳೆಗಾಲ ಕಾಯಬೇಕು, ನನ್ನ ಫೆಲೋಶಿಪ್ಪು ಅಷ್ಟು ದಿನ ಕಾಯುವುದಿಲ್ಲ. ಆಮೇಲೆ ಊರಿಗೆ ಹೋಗಿ ಅಣ್ಣನ ಹಂಚಿನ ಕಾರ್ಖಾನೆಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು. ಕೂರುವುದು ಎಂಬ ಶಬ್ದವೇ ನನ್ನನ್ನು ಹೆದರಿಸುತ್ತಿತ್ತು.

ಆ ಕಾಲದಲ್ಲಿ ಫೋರ್ಟ್ ಕಡೆಯ ದೊಡ್ಡ ಲೈಬ್ರರಿಗೆ ಹೋದರೆ ನಮ್ಮಂಥವರು ಸಾಲಾಗಿ ಸಿಗುತ್ತಿದ್ದರು. ಗಿರಣಿಯ ಹತ್ತಿಯ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ಒಬ್ಬ ಡಾಕ್ಟರು, ಬೀಸುವ ಕಲ್ಲಿನ ಹಾಡುಗಳ ಹಿಂದೆ ಬಿದ್ದ ಒಬ್ಬ ಮರಾಠಿ ಹೆಂಗಸು, ಹಳೆಯ ನಾಣ್ಯವನ್ನು ಭೂತಗನ್ನಡಿಯಲ್ಲಿ ತಿರುಗಿಸುತ್ತ ಕೂತ ಒಬ್ಬ ಗುಜರಾತಿ, ಬರೀ ಸೊನ್ನೆಯ ಮೇಲೆ ಗಣಿತ ಮಾಡುತ್ತಿದ್ದಾನೆಂದು ಎಲ್ಲರೂ ನಗುತ್ತಿದ್ದ ಒಬ್ಬ ತಮಿಳ. ಮಧ್ಯಾಹ್ನ ಎಲ್ಲರೂ ಒಂದೇ ಕ್ಯಾಂಟೀನಿನಲ್ಲಿ ಬಟಾಟೆವಡೆ ತಿನ್ನುತ್ತಿದ್ದೆವು. ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ, ಆದರೂ ಎಲ್ಲರೂ ತಲೆದೂಗುತ್ತಿದ್ದೆವು. ಸತ್ಯ ಎಂಬುದು ಒಂದೇ, ಹುಡುಕುವ ದಾರಿಗಳಷ್ಟೇ ಬೇರೆ ಎಂದು ನಾನು ಆಗ ನಂಬಿದ್ದೆ. ಆ ನಂಬಿಕೆಯ ಕಿವಿ ಹಿಂಡಿದ್ದು ಆ ವರ್ಷದ ಕಾಮಾಲೆ.

ಆ ವರ್ಷ ಜಡಿಮಳೆ ಇನ್ನೂ ಹಿಡಿದಿರಲಿಲ್ಲ. ಜುಲೈ ಕೊನೆಯಲ್ಲಿ ಜ್ವರ ಬಂತು, ವಾಂತಿಯಾಯಿತು, ಆದರೂ ಖಾಡಿಗೆ ಹೋಗಿ ಬರುತ್ತಿದ್ದೆ. ನಾಲ್ಕನೇ ದಿನ ಶೆಟ್ಟಿ ನನ್ನ ಕಣ್ಣರೆಪ್ಪೆ ಎತ್ತಿ ನೋಡಿ, “ಹಳದಿ ಉಂಟು ಮಾರಾಯ, ಬೇಳೆ ಸಾರಿನ ಹಾಗೆ!” ಎಂದ. ಡಾಕ್ಟರು ಎರಡು ತಿಂಗಳು ಹಾಸಿಗೆ ಬಿಡಕೂಡದು, ಎಣ್ಣೆ ಜಿಡ್ಡು ಮುಟ್ಟಕೂಡದು ಎಂದರು. ಎಣ್ಣೆ ಬಿಡಬಲ್ಲೆ, ಓಡಾಟ ಬಿಡುವುದು ಹೇಗೆ? ಮೊದಲ ದಿನವೇ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ಎರಡನೇ ಮಾಳಿಗೆಯಲ್ಲಿ ಕುಸಿದು ಕೂತೆ. ಇಬ್ಬರೂ ಹೊತ್ತು ತಂದು ಮಲಗಿಸಿದರು.

“ಸರಣಿ ಹೋಯ್ತು. ನಂದೆಲ್ಲ ಮುಗೀತ್!” ಎಂದು ನಾನು ಗೋಡೆಗೆ ತಲೆ ಕುಟ್ಟಿಕೊಳ್ಳುತ್ತಿದ್ದೆ.

“ಸುಮ್ನ ಬಿದ್ಕೋ. ನಿನ್ನ ಹುಳ ನಾವು ನೋಡ್ಕೊಂಡ ಬರ್ತೀವಿ. ಕುದುರಿ ನೋಡಿದಾವ್ಗ ಹುಳ ದೊಡ್ಡದೇನು?” ಎಂದ ವೆಂಕಣ್ಣ.

“ನೀನು ಕುದುರೆ ನೋಡಿದ್ದು ಯಾವಾಗ?” ಎಂದು ಶೆಟ್ಟಿ ಕೇಳಿದ.

ಹೀಗೆ ನನ್ನ ಹುಳು ಅವರ ಕೈಗೆ ಹೋಯಿತು. ದಿನ ಬಿಟ್ಟು ದಿನ ಒಬ್ಬೊಬ್ಬರು ಹೋಗುವುದೆಂದು ಮಾತಾಯಿತು. ಆದರೆ ವೆಂಕಣ್ಣನದು ಸೋಡಾಬುಡ್ಡಿ ಕನ್ನಡಕ. ಜಡಿಮಳೆ ಹಿಡಿದ ದಿನ ಗಾಜಿನ ಮೇಲೆ ನೀರು ಹರಿದು ಅವನಿಗೆ ಮರವೇ ಕಾಣುತ್ತಿರಲಿಲ್ಲ. ಅಂಥ ದಿನ ಅವನ ಪಾಳಿಯಿದ್ದರೂ ಶೆಟ್ಟಿಯೇ ಹೋಗುತ್ತಿದ್ದ, ಪಂಚೆ ಎತ್ತಿಕಟ್ಟಿ, ತಲೆಗೊಂದು ಗೋಣಿ ಹಾಕಿಕೊಂಡು. ಹೋಗಿ ಬಂದವನು ಹತ್ತೂ ಮರಗಳ ಸರಾಸರಿಯನ್ನು ಚೀಟಿಯಲ್ಲಿ ಬರೆದಿಡುವುದು, ಸಂಜೆ ವೆಂಕಣ್ಣ ನನ್ನ ಹಾಸಿಗೆಯೆದುರಿನ ಗೋಡೆಗೆ ಅಂಟಿಸಿದ ದೊಡ್ಡ ಗ್ರಾಫ್ ಕಾಗದದ ಮೇಲೆ ಚುಕ್ಕೆ ಇಡುವುದು. ಅವನ ಕೈಬರಹ ಮುದ್ದಾಗಿತ್ತೆಂದು ಆ ಕೆಲಸ ನಾನೇ ಅವನಿಗೆ ಕೊಟ್ಟಿದ್ದೆ.

ಆ ಎರಡು ತಿಂಗಳು ನಾನು ಬದುಕಿದ್ದು ಆ ಕಾಗದವನ್ನು ನೋಡಿಕೊಂಡು. ಶೆಟ್ಟಿ ಯಾವುದೋ ಹೋಟೆಲಿನ ಅಡುಗೆಯವರಿಂದ ಅರೆಸಿ ತಂದ ನೆಲನೆಲ್ಲಿ ರಸವನ್ನು ಮುಖ ಕಿವಿಚಿಕೊಂಡು ಕುಡಿಯುವುದು, ಗಂಜಿ ಉಣ್ಣುವುದು, ಮಗ್ಗುಲಾಗುವುದು, ಮತ್ತೆ ಮಗ್ಗುಲಾಗುವುದು. ಹೊರಗೆ ಮಳೆ ಸುರಿಯುತ್ತಿದ್ದರೆ ಖಾಡಿಯಲ್ಲಿ ಈಗ ಏನಾಗುತ್ತಿದೆಯೋ ಎಂದು ಕಾಲು ತಾನಾಗಿ ಆಡುತ್ತಿತ್ತು. ಸಂಜೆ ಹೊಸ ಚುಕ್ಕೆ ಬಿದ್ದಾಗ ಮಾತ್ರ ಜೀವ ತುಸು ತಣ್ಣಗಾಗುತ್ತಿತ್ತು. ಚುಕ್ಕೆಗಳು ಏರಿ ಇಳಿದು, ಹುಣ್ಣಿಮೆ ಅಮಾವಾಸ್ಯೆಗೆ ತುಸು ಎತ್ತರ, ಅಷ್ಟಮಿಗೆ ತುಸು ತಗ್ಗು, ಹೀಗೆ ಚೆಂದವಾಗಿ ಸಾಗುತ್ತಿದ್ದವು. ಹುಳು ಪಂಚಾಂಗ ನೋಡಿಕೊಂಡು ನಡೆಯುವ ಹಾಗಿತ್ತು. ನಾನು ಹಿಗ್ಗಿಹೋದೆ.

ಸೆಪ್ಟೆಂಬರಿನಲ್ಲಿ ನನ್ನ ಗೈಡ್ ಮಿಸ್ ಕಾಂಟ್ರಾಕ್ಟರ್ ನೋಡಲು ಬಂದರು. ಐವತ್ತರ ಹತ್ತಿರದ ಪಾರ್ಸಿ ಹೆಂಗಸು, ಫ್ರಾಕಿನ ಕೆಳಗೆ ರಬ್ಬರ್ ಬೂಟು ಹಾಕಿ ಮೊಣಕಾಲುದ್ದ ಕೆಸರಿಗೆ ಇಳಿಯುವವರು. ಮೋಸಂಬಿಯ ಚೀಲವನ್ನು ನನ್ನ ಹೊಟ್ಟೆಯ ಮೇಲಿಟ್ಟು ನೇರ ಗೋಡೆಯ ಬಳಿ ಹೋದರು. ಕಾಗದವನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದರು. ಚುಕ್ಕೆಗಳ ಮೇಲೆ ಬೆರಳು ಓಡಿಸಿದರು.

“ದೀಕ್ರಾ,” ಎಂದರು ಕೊನೆಗೆ. ಮಗನೇ ಎಂದು ಅವರು ಕರೆದರೆ ಏನೋ ಕಾದಿದೆ ಎಂದೇ ಅರ್ಥ. ಮುಂದಿನದು ಇಂಗ್ಲಿಷಿನಲ್ಲಿ ಬಂತು. “ಹದಿನೈದು ವರ್ಷದಿಂದ ನಾನು ಈ ಕೆಸರಿನಲ್ಲಿದ್ದೇನೆ. ಇಷ್ಟು ವಿಧೇಯ ಪ್ರಾಣಿಯನ್ನು ಒಂದು ದಿನವೂ ಕಂಡಿಲ್ಲ. ಇದು ಖಾಡಿಯಲ್ಲಿ ನೋಡಿದ್ದೋ, ಖೋಲಿಯಲ್ಲಿ ಕೂತು ಬರೆದಿದ್ದೋ?”

ಸ್ನೇಹಿತರು ದಿನಾ ಹೋಗುತ್ತಾರೆ, ಒದ್ದೆಯಾಗಿ ಬರುವುದನ್ನು ನಾನೇ ನೋಡುತ್ತೇನೆ ಎಂದೆ. “ಒದ್ದೆಯಾಗಲು ಖಾಡಿಯವರೆಗೆ ಹೋಗಬೇಕಿಲ್ಲ,” ಎಂದರು ಅವರು. “ಅಕ್ಟೋಬರಿನಲ್ಲಿ ನಾನು ವರದಿ ಕಳಿಸಬೇಕು. ಅಷ್ಟರೊಳಗೆ ನನಗೆ ನಂಬಿಕೆ ಬರದಿದ್ದರೆ ಸಹಿ ಹಾಕುವುದಿಲ್ಲ. ಮೋಸಂಬಿ ತಿನ್ನು.”

ಸಂಜೆಯವರೆಗೆ ನಾನು ಹೇಗೆ ಕಾದೆನೋ! ಇಬ್ಬರೂ ಬಂದ ಕೂಡಲೇ ಎದ್ದು ಕೂತು ಕೇಳಿದೆ, “ವೆಂಕಣ್ಣ, ತಂದ ಲೆಕ್ಕ ತಂದ ಹಾಂಗೇ ಹಾಕಿದ್ಯಾ ನೀನು?”

“ತಂದದ್ದನ್ನ ತಂದಾಂಗ ಹಾಕ್ಲಿಕ್ಕೆ ನಾ ಯಾಕ ಬೇಕು? ಒಬ್ಬ ಕಾರಕೂನ ಸಾಕಲ್ಲ,” ಎಂದ ಅವನು ಧೋತರದ ತುದಿಯಿಂದ ಕನ್ನಡಕ ಒರೆಸುತ್ತ. “ತಪ್ಪಿದ್ದಲ್ಲೆ ತಿದ್ದೀನಿ.”

“ಎಂತ! ತಿದ್ದಿದ್ಯಾ?”

“ಮತ್ತೇನು? ಹಿಂದಿನ ದಿನ ಐದನೇ ಗೀರು, ಮರುದಿನ ಆರನೇ ಗೀರು, ನಡುವ ಒಂದು ದಿನ ಮಾತ್ರ ಹತ್ತು ಅಂದ್ರ ಅದು ಹೆಂಗ ಖರೇ ಆಗ್ತದ? ಬರಕೊಂಡ ಬಂದಾವನ ಕೈತಪ್ಪು ಅದು. ಅಂಥಾವು ಏಳು ಅವ. ಏಳೂ ಶೆಟ್ಟಿ ತಂದದ್ರಾಗ ಅವ, ನಾ ತಂದದ್ರಾಗ ಒಂದೂ ಇಲ್ಲ. ಒಬ್ಬನ ಪ್ರತಿಯೊಳಗೇ ತಪ್ಪು ಕೂಡಿ ಬಂದ್ರ ಆ ಲಿಪಿಕಾರ ಅಜಾಗರೂಕ ಅಂತ ತಿಳೀಬೇಕು. ನಮಗ ಮೊದಲು ಕಲಸೂದೇ ಇದು.”

ಶೆಟ್ಟಿ ಎರಡು ಮಾರು ದೂರದಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ. ಟವಲು ಕೈಯಲ್ಲೇ ನಿಂತಿತು. “ಏ ಮಾರಾಯ, ನಾನು ಇಲ್ಲೇ ಉಂಟಲ್ಲ! ದಿನಾ ನಿನ್ನ ಪಕ್ಕದಲ್ಲೇ ಮಲಗುದಲ್ವಾ? ಸರಿ ನೋಡಿದ್ದಾ ಇಲ್ವಾ ಅಂತ ನನ್ನ ಹತ್ರ ಒಂದು ಮಾತು ಕೇಳ್ಬಾರ್ದಿತ್ತಾ?”

ವೆಂಕಣ್ಣ ನಿಜವಾಗಿಯೂ ಗೊಂದಲಕ್ಕೆ ಬಿದ್ದ. ಅದು ಅವನಿಗೆ ಹೊಳೆದೇ ಇರಲಿಲ್ಲ. “ಲಿಪಿಕಾರನ್ನ ಕೇಳೂ ಪದ್ಧತಿ ನಮ್ಮಲ್ಲಿಲ್ಲ,” ಎಂದ ಮೆಲ್ಲಗೆ. “ಅವ್ರೆಲ್ಲ ಸತ್ತು ನಾಕ್ನೂರು ವರ್ಷ ಆಗಿರ್ತದ.”

ಇಂದು ನೆನೆದರೆ ಹೊಟ್ಟೆ ಹಿಡಿದು ನಗುತ್ತೇನೆ. ಅಂದು ಕೈಗೆ ಸಿಕ್ಕ ಲೋಟವನ್ನು ಬೀಸಿ ಒಗೆದೆ. ಅದು ಬಾಗಿಲಿಗೆ ಬಡಿದು, ನೆಲನೆಲ್ಲಿ ರಸವೆಲ್ಲ ಅವನ ಮಡಿ ಪಂಚೆಗೆ ಸಿಡಿಯಿತು. “ನನ್ನ ಮಳೆಗಾಲವನ್ನೇ ಕದ್ದೆಯಲ್ಲ, ಕಳ್ಳ!” ಎಂದು ಕೂಗಿದೆ. ಹಸ್ತಪ್ರತಿಗಾದರೆ ಒಂದು ಮೂಲ ಅಂತ ಇರುತ್ತದೆ, ಐದು ನಕಲು ಅದಕ್ಕೆ ಹೊಂದಬೇಕು. ನನ್ನ ಹುಳುವಿಗೆ ಯಾವ ಮೂಲಪ್ರತಿ? ಅದು ಪ್ರತಿದಿನ ಹತ್ತುವುದೇ ಮೂಲ, ಅದನ್ನು ನೆರೆಯ ದಿನದ ಜೊತೆ ಹೊಂದಿಸಲು ನೀನು ಯಾರು? ಬಾಯಿಗೆ ಬಂದದ್ದೆಲ್ಲ ಅಂದೆ. ದಮ್ಮು ಕಟ್ಟಿ ಮಲಗಿದೆ.

ವೆಂಕಣ್ಣ ಪಂಚೆಯ ಕಲೆಯನ್ನು ನೋಡಲಿಲ್ಲ. ಮುಖ ಕೆಂಪಾಗಿತ್ತು. “ಕಳ್ಳ ಅಂದಿ ನನಗ. ಬಿಟ್ಟ ಪಾಠ ಯಾವುದು ಅಂತ ಹೇಳದ ಮುಚ್ಚಿಡಾಂವ ಸಂಪಾದಕ ಅಲ್ಲ, ಅಂವ ಕಳ್ಳ. ನಾ ಮುಚ್ಚಿಟ್ಟಿಲ್ಲ. ಎದ್ದು ಬಂದು ಕೆಳಗ ನೋಡು.”

ಶೆಟ್ಟಿಯ ಹೆಗಲ ಮೇಲೆ ಕೈಹಾಕಿ ಗೋಡೆಯ ಬಳಿ ಹೋದೆ. ಹಾಸಿಗೆಯಿಂದ ನನಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಕಾಗದದ ತಳದಂಚಿನಲ್ಲಿ, ಅವನ ಕುದುರೆ ಗ್ರಂಥದ ಪುಟಗಳಲ್ಲಿ ಇರುವ ಹಾಗೆಯೇ, ತಿದ್ದಿದ ಪ್ರತಿಯೊಂದು ಚುಕ್ಕೆಗೂ ಅಡಿಟಿಪ್ಪಣಿ ಇತ್ತು. ಇಂಥ ದಿನ, ಶೆಟ್ಟಿಯ ಪಾಠ ಹತ್ತು, ಸ್ವೀಕೃತ ಪಾಠ ಐದೂವರೆ. ಇಂಥ ದಿನ, ಶೆಟ್ಟಿಯ ಪಾಠ ಒಂಬತ್ತು. ಏಳಕ್ಕೆ ಏಳೂ ಇದ್ದವು. ನನ್ನ ವರ್ಷವನ್ನು ಹಾಳುಮಾಡಿದ ಅಭ್ಯಾಸವೇ ಅದನ್ನು ಜೋಪಾನ ಮಾಡಿಯೂ ಇಟ್ಟಿತ್ತು. ಅವನ ಕೈ ಹಿಡಿದುಕೊಂಡೆ. ಅವನು ಬಿಡಿಸಿಕೊಂಡು ಪಂಚೆ ಒಗೆಯಲು ಹೋದ.

ಮಿಸ್ ಕಾಂಟ್ರಾಕ್ಟರ್ ಮತ್ತೆ ಬಂದರು. ಅಡಿಟಿಪ್ಪಣಿಗಳನ್ನು ಓದಿಸಿಕೊಂಡು ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. “ಈ ಏಳು ದಿನ ಯಾರು ನೋಡಿದರು ಎನ್ನುವುದು ಇರಲಿ. ಆಕಾಶ ಏನು ಮಾಡುತ್ತಿತ್ತು?” ಎಂದು ಕೇಳಿದರು.

ಶೆಟ್ಟಿ ಕೂಡಲೇ ಹೇಳಿದ: ಏಳೂ ದಿನ ಜಡಿಮಳೆ. ಅದಕ್ಕೇ ಅಲ್ಲವೇ ಅವನು ಹೋಗಿದ್ದು. ಅಷ್ಟು ಮಳೆ ಬಿದ್ದರೆ ಖಾಡಿಯ ಮೇಲುನೀರಿನ ಉಪ್ಪು ತೊಳೆದುಹೋಗುತ್ತದೆ, ಸಿಹಿನೀರು ಸಹಿಸದ ಹುಳು ಇನ್ನೂ ಮೇಲೆ ಓಡಿರಬಹುದು ಎಂದು ನನಗೆ ಹೊಳೆಯಿತು. ಹಾಗೆಂದು ಕೂಗಿಯೂಬಿಟ್ಟೆ. ಆದರೆ ಗೈಡ್ ಬೆರಳೆತ್ತಿದರು. ಜಡಿಮಳೆಯ ದಿನ ನೋಡಿದ್ದು ಇವನೊಬ್ಬನೇ. ಮಳೆಗೆ ಹುಳು ಹತ್ತಿತೋ, ಮಳೆಗೆ ಇವನ ಕಣ್ಣು ಮಂಜಾಯಿತೋ? ಕಣ್ಣು ಮಂಜಾಗಿದ್ದರೆ ಇವನು ತಂದಿದ್ದನ್ನೆಲ್ಲ ಬಿಸಾಡಬೇಕು, ಅಂದರೆ ನಾನು ಹಾಸಿಗೆ ಹಿಡಿದ ಮೇಲಿನ ಅರ್ಧಕ್ಕಿಂತ ಹೆಚ್ಚು ದಿನಗಳನ್ನು. ಇನ್ನೊಂದು ಜಡಿಮಳೆಯಲ್ಲಿ ಬೇರೆಯವನ ಕಣ್ಣು ನೋಡಲಿ. “ಇವನನ್ನು ನಂಬದವನೇ ನೋಡಲಿ,” ಎಂದು ವೆಂಕಣ್ಣನ ಕಡೆ ತೋರಿಸಿ ಮೆಟ್ಟಿಲಿಳಿದರು.

ಆಗ ಶುರುವಾಯಿತು ನೋಡಿ ನನ್ನ ನರಕ. ಗಣಪತಿ ನೀರಿಗೆ ಹೋಗಿ ಆಗಿತ್ತು. ಮಳೆಯೂ ಅವನ ಹಿಂದೆಯೇ ಹೋದ ಹಾಗೆ ನಿಂತುಬಿಟ್ಟಿತು. ನೀಲಿ ಆಕಾಶ, ಬೆವರು. ಬಿಲ್ಡಿಂಗಿನ ಹೆಂಗಸರು ಮುಗ್ಗಲು ಹಿಡಿದ ಗಾದಿಗಳನ್ನು ತಾರಸಿಗೆ ಹೊತ್ತುಹಾಕಿ, ಸದ್ಯ ಬಿಸಿಲು ಬಂತಲ್ಲ ಎಂದು ಖುಷಿಪಡುತ್ತಿದ್ದರು. ನಾನೊಬ್ಬ ಕಿಟಕಿಯ ಸರಳು ಹಿಡಿದು ಮೋಡ ಹುಡುಕುತ್ತಿದ್ದೆ. ಒಂದು ಬಿಳಿ ಮೋಡ ಚೆಂಬೂರಿನ ಕಡೆಯಿಂದ ತಲೆಯೆತ್ತಿದರೆ ಎದ್ದು ಕೂರುತ್ತಿದ್ದೆ, ಅದು ಕರಗಿದರೆ ಬಿದ್ದುಕೊಳ್ಳುತ್ತಿದ್ದೆ. ಶೆಟ್ಟಿ ದಿನಾ ಬಿಸಿಲಿನಲ್ಲಿ ಹೋಗಿ ಐದು, ಆರು ಎಂದು ತರುತ್ತಿದ್ದ. ವೆಂಕಣ್ಣ ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದ. ಪಿತೃಪಕ್ಷ ಬಂತು, ಮುಗಿಯಿತು. ವರದಿಯ ದಿನ ಹತ್ತಿರವಾಯಿತು. ಮಳೆ ಬಾರದಿದ್ದರೆ ಎಂದು ಯೋಚಿಸಿದಾಗೆಲ್ಲ ಅಣ್ಣನ ಕಾರ್ಖಾನೆಯ ಕುರ್ಚಿ ಕಣ್ಣೆದುರು ಬರುತ್ತಿತ್ತು.

ನವರಾತ್ರಿಯ ಒಂದು ಬೆಳಿಗ್ಗೆ ಸೆಕೆ ವಿಪರೀತ ಏರಿತು. ಹತ್ತರ ಹೊತ್ತಿಗೆ ಪೂರ್ವದಲ್ಲಿ ಹೊಗೆ ಬಣ್ಣದ ಗೋಡೆ ಎದ್ದಿತು. ಗುಡುಗಿತು. ಹನ್ನೊಂದಕ್ಕೆ ಮಳೆ ಬಿತ್ತೆಂದರೆ ಎದುರಿನ ಬಿಲ್ಡಿಂಗೇ ಕಾಣದಾಯಿತು. ಅಂದು ಭರತ ತಿರುಗುವುದು ಮಧ್ಯಾಹ್ನವೇ. ನಾನು ಚಪ್ಪಲಿ ಹುಡುಕುತ್ತಿದ್ದುದನ್ನು ನೋಡಿ ವೆಂಕಣ್ಣ ಅಡ್ಡ ನಿಂತ.

“ಸಾಯ್ತೀಯೇನು? ನಾ ಹೋಗ್ತೀನಿ. ನೀ ಬರಬ್ಯಾಡ.”

“ನಿನ್ನ ಕನ್ನಡಕಕ್ಕೆ ಕೊಡೆ ಹಿಡಿಯುವವರು ಯಾರು? ನಡಿ.”

ಶೆಟ್ಟಿಯನ್ನು ಬೇಕೆಂದೇ ಬಿಟ್ಟು ಹೋದೆವು. ಉಪ್ಪಿನಾಗರದ ದಂಡೆಯ ಮೇಲೆ ಕಾಲು ಜಾರುತ್ತಿತ್ತು. ಒಂದು ಕೈಯಿಂದ ಅವನ ನಡು ಹಿಡಿದು, ಇನ್ನೊಂದು ಕೈಯಲ್ಲಿ ಅವನ ಮುಖದ ಮೇಲೆ ಕೊಡೆ ಹಿಡಿದೆ. ಮರಗಳ ಬಳಿ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ನನ್ನ ಆಸೆ ಅವನ ಕಣ್ಣಿಗೆ ತಾಗಬಾರದೆಂದು ಹಾಗೆ ಮಾಡಿದೆ. “ನೀನೇ ನೋಡಿ ಹೇಳು. ಕಂಡದ್ದನ್ನು ಹೇಳು,” ಎಂದೆ.

ಅವನು ಕನ್ನಡಕ ಒರೆಸಿಕೊಂಡ ಸದ್ದು ಕೇಳಲಿಲ್ಲ, ಮಳೆಯ ಸದ್ದೇ ಎಲ್ಲ. ಎಷ್ಟೋ ಹೊತ್ತಿನ ಮೇಲೆ, “ಒಂಬತ್ತು,” ಎಂದ. ನೀರಿಗಿಳಿದು ಮುಂದಿನ ಮರಕ್ಕೆ ಹೋದ. “ಇಲ್ಲೆ ಹತ್ತು.” ಮೂರನೆಯದರಲ್ಲಿ ಸುಮ್ಮನಾದ. ನಾನು ತಡೆಯಲಾರದೆ ಕಣ್ಣು ತೆರೆದೆ. ತೊಡೆಮಟ್ಟ ನೀರಿನಲ್ಲಿ ನಿಂತು ಅವನು ಬುಡದಿಂದ ಒಂದೊಂದೇ ಗೀರನ್ನು ಬೆರಳಿನಿಂದ ಮುಟ್ಟಿ ಎಣಿಸುತ್ತಿದ್ದ, ತಾಳೆಗರಿಯ ಅಕ್ಷರ ಮುಟ್ಟುವ ಹಾಗೆ. ಕೊನೆಯ ಗೀರಿನ ಮೇಲೆ ಬೆರಳು ನಿಂತಿತು. ಕತ್ತು ಮೇಲೆತ್ತಿದ.

“ಇಲ್ಲಿ ನಿನ್ನ ಗೀರು ಮುಗದಾವ, ಸೀನ್ಯಾ. ಹುಳ ಇನ್ನೂ ಮ್ಯಾಲ ಅವ.”

ನಾನು ದಂಡೆಯ ಮೇಲೆ ಆ ಮಳೆಯಲ್ಲಿ ಕುಣಿದೆ. ಕೊಡೆ ಹಾರಿಹೋಯಿತು, ನಾನೂ ಕೆಸರಿನಲ್ಲಿ ಬಿದ್ದೆ, ಬಿದ್ದಲ್ಲಿಂದಲೇ ನಗುತ್ತಿದ್ದೆ. ವೆಂಕಣ್ಣ ಮಾತ್ರ ಆ ಮರದ ಬಳಿಯಿಂದ ಕದಲಲಿಲ್ಲ. ಹತ್ತೂ ಮರ ನೋಡಿ ಮುಗಿಸಿ, ನನ್ನನ್ನು ಎಬ್ಬಿಸಿ ಹೊತ್ತುಕೊಂಡು ಬಂದ. ದಾರಿಯಲ್ಲಿ ಒಂದೇ ಮಾತಾಡಿದ: “ಶೆಟ್ಟಿ ಏಳೂ ಸಲ ಖರೇ ಹೇಳಿದ್ದ.”

ಮನೆಗೆ ಬಂದವನೇ ಒದ್ದೆ ಬಟ್ಟೆಯಲ್ಲೇ ಗೋಡೆಯ ಮುಂದೆ ನಿಂತು ಏಳು ಚುಕ್ಕೆಗಳನ್ನು ಮೇಲೆ ತಂದ. ತಾನು ಮೊದಲು ಇಟ್ಟಿದ್ದನ್ನು ಅಳಿಸಲಿಲ್ಲ, ಕೆಳಗೆ ಟಿಪ್ಪಣಿಗೆ ಇಳಿಸಿದ. “ನನ್ನ ತಪ್ಪೂ ಇರ್ಲಿ,” ಎಂದ. ಆಮೇಲೆ ಶೆಟ್ಟಿಯ ಮುಂದೆ ಹೋಗಿ ಕೈಮುಗಿದ. ಶೆಟ್ಟಿ ನಾಚಿ, “ಬಿಡು ಮಾರಾಯ, ನಾನು ಸತ್ತು ನಾನ್ನೂರು ವರ್ಷ ಆದ್ಮೇಲೆ ಕೈ ಮುಗಿ,” ಎಂದು ಅವನನ್ನು ಊಟಕ್ಕೆ ಎಳೆದುಕೊಂಡು ಹೋದ. ಮಿಸ್ ಕಾಂಟ್ರಾಕ್ಟರ್ ಸಹಿ ಹಾಕಿದರು. ಮಳೆಯ ಮೇಲೆ ಒಂದು ಅಧ್ಯಾಯವನ್ನೇ ಸೇರಿಸು ಎಂದರು. ನಾನು ಗೆದ್ದೆ. ಬಹಳ ದಿನಗಳ ಮೇಲೆ ಹಾಸಿಗೆಗೆ ತಲೆಕೊಟ್ಟರೆ ನಿದ್ದೆ ಬರತೊಡಗಿತು.

ನಿದ್ದೆ ಕೆಟ್ಟದ್ದು ವೆಂಕಣ್ಣನಿಗೆ. ಅವನ ಐದು ಹಸ್ತಪ್ರತಿಗಳಲ್ಲಿ ನಾಲ್ಕು ಒಂದೇ ಮಾತು ಹೇಳುತ್ತಿದ್ದವು. ಮೂರನೆಯದು ಮಾತ್ರ ಹೆಜ್ಜೆಹೆಜ್ಜೆಗೂ ಬೇರೆ. ಅದನ್ನು ಬರೆದವನು ಅಜಾಗರೂಕ ಎಂದು ತೀರ್ಮಾನಿಸಿ, ಅವನ ಪಾಠಗಳನ್ನೆಲ್ಲ ಅಡಿಟಿಪ್ಪಣಿಗೆ ತಳ್ಳಿ, ಎರಡು ವರ್ಷ ದುಡಿದು ಗ್ರಂಥ ಕಟ್ಟಿದ್ದ. ಈಗ ಅವನು ಖೋಲಿಯ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಿದ್ದ, ಹಿಂದೆ ನಾನು ಅಡ್ಡಾಡುತ್ತಿದ್ದ ಹಾಗೆ. “ಆ ಪ್ರತಿ ಬರದಾಂವ ಯಾವ ಊರಾಗಿದ್ದ, ಅವನ ಮುಂದ ಎಂಥಾ ಕುದುರಿ ಇತ್ತು, ನಾ ವಿಚಾರಾನೇ ಮಾಡ್ಲಿಲ್ಲ,” ಎಂದ ಒಂದು ದಿನ. ದೀಪಾವಳಿಗೆ ಒಪ್ಪಿಸಬೇಕಿದ್ದ ಪ್ರಬಂಧವನ್ನು ಬಿಚ್ಚಿ ಹರವಿಕೊಂಡ. ನಾವಿಬ್ಬರೂ ಬೇಡ ಎಂದೆವು. ಅವನ ಅಪ್ಪ ಊರಿನಿಂದ ಬಂದು, ಜಾಗ ಕೈಬಿಟ್ಟು ಹೋಗ್ತದೋ ಎಂದು ಗೋಗರೆದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಮತ್ತೆ ಲೈಬ್ರರಿಗೆ ಹೋದ.

ಪಾಠ ಹೋಲಿಸುವುದಕ್ಕೆ ಇಬ್ಬರು ಬೇಕು. ಒಬ್ಬ ಒಂದು ಪ್ರತಿಯನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಬೇರೆ ಪ್ರತಿ ಹಿಡಿದು ಒಪ್ಪುತ್ತದೆಯೇ ನೋಡುತ್ತಾನೆ. ಮೂರನೆಯ ಪ್ರತಿಯನ್ನು ಮೊದಲಿಂದ ಓದಲು ಅವನು ನನ್ನನ್ನು ಕರೆದ. ನಾನು ಇಲ್ಲವೆನ್ನಲಿಲ್ಲ. ಹೀಗೆ ಆ ಚಳಿಗಾಲವೆಲ್ಲ, ಕೂರಲಾರದ ನಾನು ಕೂತು, ಅರ್ಥ ತಿಳಿಯದ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಬಿಜಾಪುರದ ಆ ಜಾಗಕ್ಕೆ ಬೇರೊಬ್ಬನನ್ನು ತೆಗೆದುಕೊಂಡರೆಂದು ಸುದ್ದಿ ಬಂತು. ಮರುದಿನವೂ ಅವನು ಹೊತ್ತಿಗೆ ಸರಿಯಾಗಿ ಲೈಬ್ರರಿಯಲ್ಲಿದ್ದ, ಎದುರಿಗೆ ಪ್ರತಿ ಬಿಚ್ಚಿಕೊಂಡು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ನನಗೆ ತಡೆಯಲಾಗಲಿಲ್ಲ.

“ವೆಂಕಣ್ಣ, ಈ ಮೂರನೆಯವನು ಬರೀ ತಪ್ಪೇ ಬರೆದಿದ್ದರೆ? ಸುಮ್ಮನೆ ಅಜಾಗರೂಕನೇ ಆಗಿದ್ದರೆ? ಇಷ್ಟೆಲ್ಲ ಕಳಕೊಂಡು...”

“ಇರಬಹುದು,” ಎಂದ ಅವನು, ಬೆರಳನ್ನು ಸಾಲಿನ ಮೇಲಿಟ್ಟುಕೊಂಡೇ. “ಇಲ್ಲಾ, ಅಂವನೂ ಮಳ್ಯಾಗ ನಿಂತು ಬರದಿರಬಹುದು. ಯಾರಿಗ್ಗೊತ್ತು? ಓದು.”

ನಾನು ಓದಿದೆ.